ಇವಳನ್ನು ನಾನು ಬಲ್ಲೆ

ರಾಜ್ಯ ಪುರಸ್ಕಾರಕ್ಕೆ ಮೂರು ಪತ್ರ ಬೇಕು, ಶನಿವಾರದೊಳಗೆ,
ಎಂದರು ಗೈಡ್ ಕ್ಯಾಪ್ಟನ್ ಹೇಮಾವತಿ ಮಿಸ್.
ಶಾಲೆಯಿಂದೊಂದು, ಊರಿನ ಗಣ್ಯರಿಂದೊಂದು,
ಸೇವೆ ಮಾಡಿದ ಜಾಗದಿಂದೊಂದು.
ಬೋರ್ಡಿನ ಮೇಲೆ ‘ಗಣ್ಯರು’ ಎಂಬುದರ ಕೆಳಗೆ
ಎರಡು ಸಲ ಗೆರೆ ಎಳೆದರು.

ಹೆಡ್‌ಮಾಸ್ಟರು ಬಿಸಿಯೂಟದ ಅಕ್ಕಿ ಲೆಕ್ಕದಲ್ಲಿದ್ದರು.
ತಲೆ ಎತ್ತದೆ,
“ನೀನೇ ಬರಕೊಂಡು ಬಾರಮ್ಮ, ಸೈನ್ ಹಾಕ್ತೀನಿ.”

ಆ ರಾತ್ರಿ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ
ನನ್ನ ಬಗ್ಗೆ ನಾನೇ ಬರೆಯಲು ಕೂತೆ:
ಕುಮಾರಿ ಮೆಹಜಬೀನಳನ್ನು ನಾನು
ಮೂರು ವರ್ಷಗಳಿಂದ ಬಲ್ಲೆ.
ಅಲ್ಲಿಗೇ ಪೆನ್ನು ನಿಂತಿತು.
ಬಲ್ಲೆನೆ?
ಪ್ರಾಮಾಣಿಕಳು ಎನ್ನುವಾಗ
ಅಬ್ಬಾನ ಜೇಬಿನಿಂದ ಎತ್ತಿದ ಇಪ್ಪತ್ತು ರೂಪಾಯಿ
ಹಾಳೆಯ ಮೇಲೆ ಬಂದು ಕೂತಿತು.
ವಿಧೇಯಳು ಎಂದು ಮೆಲ್ಲಗೆ ಓದಿಕೊಂಡರೆ
ಗೋಡೆಯಾಚೆ ಅಮ್ಮಿ ಕೆಮ್ಮಿದಳು.
ಧೈರ್ಯವಂತೆ ಎಂಬಲ್ಲಿ ಹೊಟ್ಟೆ ಸೀಳುವುದು ಮರೆತಿದ್ದೆ.
ಆಮೇಲೆ ಸೀಳಿದೆ.
ಅಷ್ಟಕ್ಕೇ ಬಂದುಬಿಟ್ಟಿತು ಮಹಾಪ್ರಾಣ.

ಮಾಜಿ ಕೌನ್ಸಿಲರ್ ಪಿಳ್ಳಪ್ಪನವರ ಬಳಿ
ಅಚ್ಚು ಹಾಕಿಸಿದ ಕಾಗದವೇ ಇತ್ತು.
ರೇಷನ್ ಕಾರ್ಡಿಗೂ ಗ್ಯಾಸ್ ಸಿಲಿಂಡರಿಗೂ ನನಗೂ ಒಂದೇ ಮಾತು:
ಸದರಿಯವರು ನಮ್ಮ ವಾರ್ಡಿನ ಕಾಯಂ ನಿವಾಸಿ,
ಸನ್ನಡತೆಯುಳ್ಳವರು.
ಹೆಸರಿಗೆ ಬಿಟ್ಟ ಜಾಗ ಚಿಕ್ಕದು. ‘ಮೆಹಜ’ ಹಿಡಿಯಿತು,
‘ಬೀನ್’ ಕೆಳಗಿಳಿದು
ಸನ್ನಡತೆಯ ತಲೆಯ ಮೇಲೆ ನಿಂತಿತು.

ಉಳಿದದ್ದು ಸೇವೆಯ ಜಾಗ.
ಶಿಡ್ಲಘಟ್ಟದಲ್ಲಿ ಮೂಗು ಹಿಡಿದ ದಿಕ್ಕಿಗೆ ನಡೆದರೆ
ಒಂದಲ್ಲ ಒಂದು ಫಿಲೇಚರು.
ಕಳೆದ ಬೇಸಿಗೆ ಸುಟ್ಟಗಾಯಕ್ಕೆ ಪ್ರಥಮ ಚಿಕಿತ್ಸೆ ಕಲಿಸಲು
ನಾವು ಹೋಗಿದ್ದ ಯೂನಿಟ್ಟಿನ ಮಾಲೀಕರು ಕೇಳಿದರು,
“ನೀನು ಯಾವಳಮ್ಮ? ಎಲ್ಲಾರ್ದೂ ಒಂದೇ ನೀಲಿ ಬಟ್ಟೆ.”

ಗಂಗುಲಮ್ಮನಿಗೆ ಗೊತ್ತಿತ್ತು.
ಕುದಿವ ಬೇಸಿನ್ನಿನಿಂದ ಕೈ ತೆಗೆಯದೆ,
ತುಂಡಾದ ಎಳೆಗೆ ಎಳೆ ಎಸೆದು ಕೂಡಿಸುತ್ತ
(ನಾವು ಕಲಿತ ಯಾವ ಗಂಟೂ ಅಲ್ಲ ಅದು, ಗಂಟೇ ಅಲ್ಲ)
ಹೇಳಿದಳು:

“ಬರ್ಕೋ. ಈ ಹುಡ್ಗಿ ಸುಟ್ಟ ಕೈ ಬಿಟ್ಟು
ಚೆನ್ನಾಗಿರೋ ಕೈಗೆ ಬಟ್ಟೆ ಸುತ್ತಿದ್ಲು.
ನಾವೆಲ್ಲ ನಕ್ವಿ. ಅತ್ಲು. ಸಿಟ್ಟು ಮೂಗಿನ ತುದೀಲಿ.
ಮಾರನೇ ದಿನ ಯಾರೂ ಕರೀದೆ ಬಂದ್ಲು.
ನೀಲಿ ಬಟ್ಟೆ ಇರ್ಲಿಲ್ಲ, ಫೋಟೋ ಹಿಡಿಯೋರೂ ಇರ್ಲಿಲ್ಲ.
ಸರಿಯಾದ ಕೈಗೆ ಕಟ್ಟಿ ಹೋದ್ಲು. ಅಷ್ಟೇ.
ಎಷ್ಟು ವರ್ಷದಿಂದ ಗೊತ್ತು ಅಂತ ಹಾಕ್ಬೇಕಾ?
ಎರಡು ದಿನ ಅಂತ ಹಾಕು.”

ಬರೆದೆ. ಅತ್ತದ್ದನ್ನೂ ಬರೆದೆ.
ಅವಳ ಹೆಬ್ಬೆರಳಿಗೆ ರೀಫಿಲ್ಲಿನ ಶಾಯಿ ಸವರಿ ಒತ್ತಿಸಿದರೆ
ಬರೀ ನೀಲಿ ಮಚ್ಚೆ, ಒಂದು ಗೆರೆಯಿಲ್ಲ.
ಇಪ್ಪತ್ತು ವರ್ಷ ಗೂಡಿನ ಎಳೆ ಬಿಚ್ಚಿದ ನೀರು
ಬೆರಳಿನ ಎಳೆಗಳನ್ನೂ ಬಿಚ್ಚಿಕೊಂಡಿತ್ತು.
ಹೊರಡುವಾಗ ಕೈ ಚಾಚಿದಳು, ಎಡಗೈ.
“ಬಲಗೈ ಉರೀತದೆ, ತಪ್ಪು ತಿಳ್ಕೋಬೇಡ.”
ತಪ್ಪೆಲ್ಲಿ ಬಂತು?
ನಾವು ಗೈಡುಗಳು ಕುಲುಕುವುದೇ ಎಡಗೈ.
ಅದನ್ನು ಹೇಳಬೇಕೆಂದುಕೊಂಡೆ. ಸೈರನ್ ಕೂಗಿತು.

“ಮೊಹರೆಲ್ಲಿ?” ಎಂದರು ಹೇಮಾವತಿ ಮಿಸ್,
ಹಾಳೆಯ ಎರಡೂ ಬದಿ ತಿರುವಿ.
ಎರಡನೇ ಸಲ ಓದುವಾಗ ನಿಧಾನವಾಗಿ ಓದಿದರು.
“ಇದನ್ನ ಕಳಿಸೋಕಾಗಲ್ಲ ಮಗು.”

ಮಾಲೀಕರ ಲೆಟರ್‌ಹೆಡ್ಡು ಶುಕ್ರವಾರ ಸಿಕ್ಕಿತು,
ಮೊಹರು ಸಮೇತ, ಒಳಗೆಲ್ಲ ಖಾಲಿ.
ತುಂಬಿದವಳು ನಾನೇ. ಈಗ ಕೈ ಪಳಗಿತ್ತು.
ಅದರಲ್ಲಿ ನಾನು ಅಳುವುದಿಲ್ಲ,
ಮೊದಲ ದಿನವೇ ಸರಿಯಾದ ಕೈಗೆ ಕಟ್ಟುತ್ತೇನೆ.

ಗಂಗುಲಮ್ಮನದು ಲಾಗ್‌ಬುಕ್ಕಿನಲ್ಲಿದೆ, ಗಂಟುಗಳ ಪುಟದಲ್ಲಿ.
ಬೆಂದ ಹುಳದ ವಾಸನೆ ಇನ್ನೂ ಹೋಗಿಲ್ಲ.
ತೆರೆದಾಗೆಲ್ಲ ತಂಗಿ ಮೂಗು ಮುಚ್ಚುತ್ತಾಳೆ.