ಹಂಜಿ

ಮೊದಲು ಒಣಗಿದ್ದಾಗಲೇ ಬಾಚಬೇಕು,
ನೀರು ಬಿದ್ದರೆ ಗಂಟು ಹಗ್ಗವಾಗುತ್ತದೆ.
ಇದನ್ನು ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ.
ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಸಂದಿಯಲ್ಲಿ
ಮೂವತ್ತೊಂದು ವರ್ಷ
ಊರಿನ ತಲೆಗಳನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ಬದುಕಿದವನು,
ಕೂದಲ ಸ್ವಭಾವ ಗೊತ್ತು.

ಆದರೆ ಬೆಕ್ಕಿನ ತಲೆ ತಿರುಗಿಸಲಾಗದು.
ಅದು ತಾನೇ ತಿರುಗಬೇಕು.

ಹೋಂಸ್ಟೇಯವರು ತಂದುಬಿಟ್ಟದ್ದು,
ಅತಿಥಿಗಳ ದಿಂಬಿನ ಮೇಲೆಲ್ಲ ಕೂದಲಂತೆ.
ಬೇಡದ ಕೂದಲನ್ನು ನಿನ್ನ ಬಳಿಯಲ್ಲದೆ
ಇನ್ನೆಲ್ಲಿಗೆ ತರಲಿ ಅಚ್ಯುತಾ, ಅಂದ ಆ ಪುಣ್ಯಾತ್ಮ.
ನೂಲಿಗೆ ಕಾದ ಹತ್ತಿಯ ಸುರುಳಿಯಂತಿತ್ತು.
ಹಂಜಿ ಅಂತ ಕರೆದೆ. ಬರಲಿಲ್ಲ.
ಮೀನು ಅಂದೆ. ಬಂತು.

ಚಳಿ ಹಿಡಿದು, ಕಾಫಿ ಪಲ್ಪಿಂಗ್ ಶುರುವಾದ ಮೇಲೆ
ಇಡೀ ಸೀಮೆಗೇ ಒಂದು ಹುಳಿ ವಾಸನೆ.
ಮನೆ ಹಿಂದಿನ ತೋಟದ ಪಲ್ಪರ್ ಗುಂಡಿಯಲ್ಲಿ
ಹೊರಳಿ ಬರುತ್ತಿದೆ ಅಂದುಕೊಂಡೆ.
ಪುತ್ತರಿಯ ಹಿಂದಿನ ವಾರ, ಬೆಂಚು ತುಂಬ ಜನ,
ಸುಬೇದಾರ್ ಉತ್ತಯ್ಯ ಮೂಗೆತ್ತಿ
ಏನಪ್ಪಾ, ಕಾಚಂಪುಳಿ ಸೀಸೆ ಒಡೆದಿದೆಯಾ ಅಂದರು.
ಬೆಕ್ಕು, ಅಂದೆ.
ಹಾಗಾದರೆ ಕಾಚಂಪುಳಿಗೆ ಅವಮಾನ ಮಾಡಿದೆ ನಾನು, ಅಂದರು
ನೊರೆಯೊಳಗಿಂದ.

ಮಂಗಳವಾರ ಅಂಗಡಿಗೆ ರಜೆ,
ಮಂಗಳವಾರ ಹಂಜಿಗೆ ಸ್ನಾನ.
ಕಿವಿಯ ಹಿಂದೆ, ಕಂಕುಳು, ತೊಡೆಸಂದು,
ಗಂಟು ಕಟ್ಟುವುದು ಕೈ ಹೋಗದ ಜಾಗದಲ್ಲೇ.
ಬುಡವನ್ನು ಎರಡು ಬೆರಳಲ್ಲಿ ಒತ್ತಿಹಿಡಿದು
ತುದಿಯಿಂದ ಒಂದೊಂದೇ ಎಳೆ.
ಬಿಡಲಿಲ್ಲವೋ, ಕತ್ತರಿ ಬೇಡ, ಚರ್ಮ ಅಲ್ಲಿ ಈರುಳ್ಳಿ ಸಿಪ್ಪೆ,
ಟ್ರಿಮ್ಮರ್ ಸಾಕು. ಬಾಲದ ಕೆಳಗೂ ಅದೇ,
ಮರ್ಯಾದೆಯ ಪ್ರಶ್ನೆ, ಇಬ್ಬರೂ ಬೇರೆ ಕಡೆ ನೋಡುತ್ತೇವೆ.
ಉಗುರುಬೆಚ್ಚಗಿನ ನೀರು, ಕಿವಿಗೆ ಬೀಳದಂತೆ,
ಮುಖಕ್ಕೆ ಬರೀ ಒದ್ದೆ ಬಟ್ಟೆ.
ನೆಂದ ಹಂಜಿ ಎಷ್ಟು ಕಡಿಮೆ ಬೆಕ್ಕು!
ಇಷ್ಟೇ ಇದ್ದೆಯಾ ನೀನು,
ಇಷ್ಟಕ್ಕೇ ಅಷ್ಟು ಗತ್ತಾ.

ಡ್ರೈಯರಿನ ಸಣ್ಣ ಗಾಳಿಯಲ್ಲಿ ಮುಕ್ಕಾಲು ಗಂಟೆ.
ನನ್ನ ಕೈ ಮೇಲೆ ಏಳು ಗೀರು.
ನನ್ನ ತಲೆಗೆ ಒಂದು ದಿನ
ಎಣ್ಣೆ ಹಚ್ಚಿದ್ದುಂಟಾ ಈ ಮನುಷ್ಯ,
ಅಂತ ಸರಸಿಜ ಗೋಡೆಗೆ ಹೇಳಿದಳು.

ಬುಧವಾರ ಮಧ್ಯಾಹ್ನಕ್ಕೆ ಮತ್ತೆ ಅದೇ ವಾಸನೆ.

ಮಣ್ಣಿನ ತಟ್ಟೆ ಬದಲಿಸಿದೆ, ಚಾಪೆ ಬಿಸಿಲಿಗೆ ಹಾಕಿದೆ,
ಗಿರಾಕಿಗಳ ಪೌಡರ್ ಉದುರಿಸಿದೆ. ಎರಡು ಸಲ ಸೀನಿತು.
ಪಲ್ಪರ್ ಗುಂಡಿಗೆ ಹಳೇ ತಗಡು ಮುಚ್ಚಿ ಬಂದೆ.
ಮತ್ತೊಂದು ಮಂಗಳವಾರ.
ಮತ್ತೊಂದು.

ಆಮೇಲೆ ಒಂದು ಸಂಜೆ ಕನ್ನಡಿಯಲ್ಲಿ ಕಂಡದ್ದು:
ಹಂಜಿ ಮುಂಗಾಲೆತ್ತಿತು, ನಾಲಗೆ ಚಾಚಿತು,
ಒಂದೇ ಒಂದು ಸಲ ನೆಕ್ಕಿ, ನಿಲ್ಲಿಸಿ,
ಏನೋ ಮರೆತವರ ಹಾಗೆ
ಕಾಲನ್ನು ಗಾಳಿಯಲ್ಲೇ ಬಿಟ್ಟು ಕೂತಿತು.

ಪಶು ಆಸ್ಪತ್ರೆಯ ಡಾಕ್ಟರ್ ಸಫೀನಾ
ತುಟಿ ಎತ್ತಿ ತೋರಿಸಿದರು. ಎಡಗಡೆ, ಹಿಂದೆ,
ಒಂದು ಹಲ್ಲು, ಹುಳು ಹೊಡೆದ ಕಾಫಿ ಬೀಜದ ಬಣ್ಣ.
ನೆಕ್ಕಿದರೆ ನೋವು. ಅದಕ್ಕೇ ಬಿಟ್ಟಿದೆ.
ನೆಕ್ಕಿದಷ್ಟೂ ಆ ವಾಸನೆಯನ್ನೇ ಮೈಗೆ ಬಳಿದುಕೊಂಡಿದೆ.
ಬೆಕ್ಕು ಕೊಳಕಲ್ಲ ಇವರೇ, ಅಂದರು,
ನಿಮ್ಮ ಸೋಪನ್ನು ಸ್ವಲ್ಪ ನಿಲ್ಲಿಸಿ.
ಪೌಡರ್ ಬೇಡವೇ ಬೇಡ.

ಮೂವತ್ತೊಂದು ವರ್ಷ ಗಲ್ಲ ಹಿಡಿದವನು,
ಒಂದು ಬಾಯಿಯನ್ನೂ ತೆರೆಸಿ ನೋಡಿದವನಲ್ಲ.

ಹಲ್ಲು ಹೋಯಿತು. ಹನ್ನೊಂದು ದಿನ ಮೀನಿನ ಗಂಜಿ.
ಕಳೆದ ಮಂಗಳವಾರ ಕೈ ಖಾಲಿ,
ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ಬಿಸಿ ಮಾಡಿದೆ.
ಯಾರಿಗೆ, ಅಂದಳು ಸರಸಿಜ.

ನಿನ್ನೆ ಮೂರನೇ ಕುರ್ಚಿಯ ಮೇಲೆ
(ಅದು ಕೆಟ್ಟು ಎರಡು ವರ್ಷ, ಈಗ ಅದಕ್ಕೇ ಮೀಸಲು)
ಕಿವಿಯಿಂದ ಬಾಲದವರೆಗೆ ತನ್ನ ಕೆಲಸ ತಾನೇ ಮುಗಿಸಿ,
ಉಳಿದ ಉತ್ಸಾಹಕ್ಕೆ ನನ್ನ ಮೊಣಕೈಗೂ ಬಂತು.
ನೆಕ್ಕಿದ್ದು ಬುಡದಿಂದ, ಪೂರಾ ಉಲ್ಟಾ.
ಹಾಗೆ ಬಾಚಿದ್ದರೆ ನನ್ನಪ್ಪ
ಬಾಚಣಿಗೆಯಿಂದಲೇ ಬಾರಿಸುತ್ತಿದ್ದ.
ಸುಬೇದಾರರು ಅರ್ಧ ಮೀಸೆಯಲ್ಲಿ ಕಾಯುತ್ತಿದ್ದರು.
ಒಂದು ನಿಮಿಷ ಸಾರ್, ಅಂದೆ,
ಕೈ ಅಲ್ಲಾಡಿಸದೆ.