ಜೂನ್ ಒಂದು

ಕಪ್ಪುಕಲ್ಲಿಗೆ ಎರಡೇ ಸಾಲು ಬೇಕು ಮೇಷ್ಟ್ರೇ,
ಬಾಲ್ಯಕ್ಕೊಂದು, ವಿದ್ಯಾಭ್ಯಾಸಕ್ಕೊಂದು,
ಕೆತ್ತುವವನದು ಅಕ್ಷರದ ಲೆಕ್ಕ, ಚುಟುಕಾಗಿರಲಿ
ಎಂದು ಯುವಕ ಸಂಘದವರು ಜಗಲಿಗೆ ಬಂದು ಕೂತರು.
ಬೇವಿನಕೊಪ್ಪಲಿನ ಶಾಲೆಯ ಗೇಟಿನೆದುರು
ಪ್ರತಿಮೆ ಆಗಲೇ ಬಂದು ಗೋಣಿತಾಟಿನೊಳಗೆ ನಿಂತಿತ್ತು.
ಮೀಸೆ ಮಾತ್ರ ಅವನದಲ್ಲ.

ನನ್ನ ಹತ್ತಿರ ಇದ್ದದ್ದು ದಾಖಲಾತಿ ಪುಸ್ತಕದ ನೆನಪು,
ಗೆದ್ದಲು ಒಂದು ಮೂಲೆ ತಿಂದದ್ದು.
ಕ್ರಮಸಂಖ್ಯೆ ಇಪ್ಪತ್ಮೂರು.
ಬೋರಲಿಂಗ ಬಿನ್ ಮಾಯಿಗಯ್ಯ.
ಹುಟ್ಟಿದ ದಿನಾಂಕ ಜೂನ್ ಒಂದು.
ಮೇಲಿನ ಸಾಲಿನ ಹುಡುಗಿಗೂ ಜೂನ್ ಒಂದು,
ಕೆಳಗಿನ ಅಣ್ಣತಮ್ಮಂದಿರಿಬ್ಬರಿಗೂ ಜೂನ್ ಒಂದು.
ಊರಿನ ಮಕ್ಕಳೆಲ್ಲ ಒಂದೇ ಬೆಳಗ್ಗೆ
ನನ್ನ ಹೀರೋ ಪೆನ್ನಿನಿಂದ ಹುಟ್ಟಿದವರು.

ಕೆಂಪಾಜಮ್ಮ ಅವತ್ತು ಕಬ್ಬು ಕಡಿಯುವ ಮಚ್ಚನ್ನು
ಬಾಗಿಲಾಚೆಗೇ ಒರಗಿಸಿ ಒಳಗೆ ಬಂದಳು.
ಯಾವಾಗ ಹುಟ್ಟಿದ್ದಮ್ಮ?
"ಅವರೆಕಾಯ್ ಸೊಗಡು ಕೈಗಂಟಿತ್ತು ಸಾ,
ನಾಲೆ ನೀರು ನಿಲ್ಸಿ ಮೂರೋ ನಾಕೋ ದಿನ,
ನಮ್ ಗಬ್ಬದೆಮ್ಮೆ ಈದ ಮಾರ್ನೆ ದಿನ."
ಅಷ್ಟು ಕರಾರುವಾಕ್ಕಾಗಿ ಹೇಳಿದ ತಾಯಿ ಇನ್ನೊಬ್ಬಳಿಲ್ಲ.
ಎಮ್ಮೆಗೆ ಕಾಲಂ ಇರಲಿಲ್ಲ.
ನಿಜ ಬರೆದರೆ ಏಳು ತಿಂಗಳು ಕಡಿಮೆ ಬೀಳುತ್ತಿತ್ತು,
ಸೊಂಟದ ಮೇಲೆ ಕೂಸಿದ್ದವಳನ್ನು
ಗದ್ದೆಗೆ ಯಾರೂ ಕರೆಯುತ್ತಿರಲಿಲ್ಲ.
ಬರೆದೆ. ಒಣಗಲೆಂದು ಊದಿದೆ.

ಆಲೆಮನೆ ನಡೆವಾಗ ವಾರಗಟ್ಟಲೆ ಗೈರು.
ಬಂದ ದಿನ ಚೀಲದ ತುಂಬ ಇರುವೆ,
ಸ್ಲೇಟಿನ ಪಕ್ಕ ಬಾಳೆಲೆಯಲ್ಲಿ ಸುತ್ತಿದ ಬಿಸಿಬೆಲ್ಲ,
ನನಗೇ ಅಂತ ತಂದದ್ದು.
ಭಾಗಾಕಾರದಲ್ಲಿ ಶೇಷ ಉಳಿದರೆ ಒಪ್ಪುತ್ತಿರಲಿಲ್ಲ,
ಅಂಗೈಯಲ್ಲಿ ಅಳಿಸುವನು, ಮತ್ತೆ ಮಾಡುವನು, ಮತ್ತೆ ಅಳಿಸುವನು.
"ಮಿಕ್ಕಿದ್ದ ಯಾರ್ಗೆ ಸಾ ಕೊಡದು?"
ಉತ್ತರ ಗೊತ್ತಿಲ್ಲದೆ ಗದರಿದ್ದೆ.

ಸೂಜಿ ಚುಚ್ಚುವವರು ಬಂದ ದಿನ
ಹುಣಸೆಮರ ಹತ್ತಿದವನು ಉಪ್ಪಿಟ್ಟಿಗೂ ಇಳಿಯಲಿಲ್ಲ.
ನಾಲೆಯನ್ನು ಮಿಕ್ಕ ಹುಡುಗರು
ಕಬ್ಬಿಣದ ಪೈಪಿನ ಮೇಲೆ ಕೈಚಾಚಿ ದಾಟಿದರೆ
ಇವನು ಸೇತುವೆವರೆಗೂ ಓಡಿ, ಆಚೆ ಏರಿಯಲ್ಲಿ ಅಷ್ಟೇ ದೂರ ವಾಪಸ್ಸು ಓಡಿ,
ಅವರು ಬರುವಷ್ಟರಲ್ಲಿ ಗಂಟೆಯ ಕೆಳಗೆ ನಿಂತು ಏದುತ್ತಿರುತ್ತಿದ್ದ.
ಹೆದರಿಕೆಯಿಂದ ಕಲಿತ ಓಟ ಅದು.
ಇದನ್ನು ಕೆತ್ತಿಸಿ ಅಂದೆ.
ಹುಡುಗರು ಮುಖ ಮುಖ ನೋಡಿಕೊಂಡರು.
'ಬಾಲ್ಯದಿಂದಲೇ ದೈರ್ಯಶಾಲಿ' ಅಂತ
ಮೊದಲೇ ಬರೆದು ತಂದಿದ್ದರು.
ಧಕಾರ ಅಲ್ಪಪ್ರಾಣವಾಗಿತ್ತು.
ಮಹಾಪ್ರಾಣ ಮಾಡಿಕೊಟ್ಟೆ.
ಮೇಷ್ಟರ ಕೈಲಾದದ್ದು ಅಷ್ಟೆ.

ಮಂಡ್ಯದ ಸ್ಟೇಡಿಯಂನಲ್ಲಿ ಸೈನ್ಯದ ಭರ್ತಿ.
ಹಿಂದಿನ ರಾತ್ರಿ ನನ್ನ ಮನೆಗೆ ಬಂದ,
ಜನ್ಮದಿನಾಂಕದ ದೃಢೀಕರಣಕ್ಕೆ ಸಹಿ ಬೇಕೆಂದು.
"ಹದ್ನೇಳೂವರೆ ಆಗಿರ್ಬೇಕಂತೆ ಸಾ."
ಜೂನಿನಿಂದ ಎಣಿಸಿದರೆ ಆಗಿತ್ತು, ಆರು ದಿನ ಮಿಕ್ಕಿಯೂ ಇತ್ತು.
ಅವರೆಕಾಯಿಂದ ಎಣಿಸಿದರೆ
ಹದಿನೇಳೇ ತುಂಬಿರಲಿಲ್ಲ.
ಬೆರಳು ಮಡಿಚಿ ಎರಡೂ ಲೆಕ್ಕ ಮಾಡಿದೆ,
ಅವನು ಬಾಗಿಲಲ್ಲಿ ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು
ನಿಂತಲ್ಲೇ ಜಿಗಿಯುತ್ತಿದ್ದ.
ಸಹಿ ಮಾಡಿದೆ.
ಮುಂದಿನ ಭರ್ತಿಗೆ ಹೋಗಿದ್ದರೆ ಬೇರೆ ತಂಡ, ಬೇರೆ ಬೆಟ್ಟ,
ಆ ಹಿಮದ ಇಳಿಜಾರಿನಲ್ಲಿ ಅವತ್ತು
ಬೇರೊಬ್ಬ ಮೇಷ್ಟರ ಹುಡುಗ.
ಹೀಗೆ ಯೋಚಿಸುವುದೂ ಒಂದು ಪಾಪವೇ.

ಈಗ ಪ್ರತಿ ಜೂನ್ ಒಂದಕ್ಕೆ ಶಾಮಿಯಾನ, ಮೈಕು,
ಬಾಗಿಲು ತೆರೆದ ಶಾಲೆಯ ಹೊಸ ಮಕ್ಕಳಿಗೆ ಬೂಂದಿ.
ಕೆಂಪಾಜಮ್ಮನಿಗೆ ಕೆಂಪು ಪ್ಲಾಸ್ಟಿಕ್ ಕುರ್ಚಿ, ಶಾಲು.
ಹೋದ ವರ್ಷ, ಭಾಷಣದ ನಡುವೆ, ನನ್ನತ್ತ ವಾಲಿ ಕೇಳಿದಳು:
"ಇವತ್ತೇನ್ ಸಾ ಇಸೇಸ?"
ಹುಟ್ಟಿದಬ್ಬ ಅಂದೆ.
"ಯಾರ್ದು?"
ಚಪ್ಪಾಳೆ ಬಿತ್ತು. ಬದುಕಿಕೊಂಡೆ.

ಧನುರ್ಮಾಸದಲ್ಲಿ ನಾಲೆಯ ತಳ ಕಾಣುವಾಗ
ಅವಳ ಬೀದಿಯಲ್ಲೇ ನನ್ನ ವಾಕಿಂಗು.
ಮಗಳ ಮಕ್ಕಳನ್ನು ಸುತ್ತ ಕೂರಿಸಿಕೊಂಡು
ನೆನೆಹಾಕಿದ ಅವರೆ ಹಿಸುಕುತ್ತಿರುತ್ತಾಳೆ,
ಒಂದು ದಿನದ ಸಾರಿಗೆ ಬೇಕಾದ್ದಕ್ಕಿಂತ ಹೆಚ್ಚು.
ಯಾಕೆ ಇಷ್ಟೊಂದು ಎಂದು ನಾನು ಕೇಳುವುದಿಲ್ಲ.
ಮಿಕ್ಕಿದ್ದನ್ನು, ಏನೂ ಹೇಳದೆ,
ನನ್ನ ಟವೆಲಿಗೆ ಸುರಿಯುತ್ತಾಳೆ.