ಬೊಬ್ಬೆ

ಡಿಎ ಅರಿಯರ್ಸ್ ಬಂದ ವಾರ
ಎಸ್‌ಪಿ ರೋಡಿನ ಹಿಂದಿನ ಗಲ್ಲಿಯಲ್ಲಿ ಕೊಂಡೆ,
ನಾಲ್ಕೇ ತಂತಿಯ, ಬೆನ್ನಿಗೆ ಗೀರು ಬಿದ್ದ ಬಾಸ್ ಗಿಟಾರು.
ಮಗನಿಗಾ ಮೇಡಂ? ಕೇಳಿದ ಅಂಗಡಿಯವನು.
ಹೌದು ಅಂದೆ.
ನನಗೆ ಮಗನಿಲ್ಲ.
ನಲವತ್ತಾರಕ್ಕೆ ಉಳಿದದ್ದು ಎರಡು ಕೈ,
ಅವನ್ನೂ ಎದೆರೋಗದ ವಾರ್ಡಿಗೆ ಬರೆದುಕೊಟ್ಟು ಇಪ್ಪತ್ತು ವರ್ಷ.

ಶನಿವಾರ ನಾಲ್ಕಕ್ಕೆ ಲಿಂಗರಾಜಪುರ.
ಹಳಿಗೆ ಬೆನ್ನು ಕೊಟ್ಟ ಮನೆ, ಮೊದಲ ಮಹಡಿ,
ಒಣಹಾಕಿದ ಲುಂಗಿಗಳ ಕೆಳಗೆ ಬಗ್ಗಿ ಒಳಗೆ ಹೋಗಬೇಕು.
ಲೆಸ್ಟರ್ ಮಾಷ್ಟ್ರಿಗೆ ಮದುವೆ ಬ್ಯಾಂಡಿನಲ್ಲಿ ನಿಂತು ನಿಂತು
ಎಡಗಿವಿ ಮಂದ.
ಅವರ ಕನ್ನಡ ಅರ್ಧ ತಮಿಳು, ಅರ್ಧ ಕೈಸನ್ನೆ.
"ಹೊಡೀಬೇಡಮ್ಮ," ಅಂದರು ಮೊದಲ ದಿನ,
"ತಪ್ಪಿಸ್ಕೊ.
ಕಾದ ಹೆಂಚು ಮುಟ್ಟಿದ್ಯಾ ಯಾವತ್ತಾದ್ರೂ? ಹಂಗೆ."

ನನ್ನ ಕೈ ಬೇರೆ ಶಾಲೆಯದು.
ಅದು ಕಲಿತದ್ದು ಬೊಗಸೆ:
ಅಂಗೈ ಗುಳಿ ಮಾಡಿ, ಒಳಗೊಂದಿಷ್ಟು ಗಾಳಿ ಹಿಡಿದು,
ಬೋರಲು ಮಲಗಿದ ಬೆನ್ನಿನ ಮೇಲೆ
ಟೊಪ್ ಟೊಪ್ ಟೊಪ್ ಟೊಪ್
ಎದೆಗೂಡಿಗೆ ಅಂಟಿ ಕೂತ ಕಫ ಸಡಿಲಾಗುವ ತನಕ.
ದಿನಕ್ಕೆ ಹನ್ನೊಂದು ಬೆನ್ನು.
ತಂತಿಯ ಮುಂದೆಯೂ ಅದು ತಾನಾಗಿ ಬೊಗಸೆಯಾಗುತ್ತದೆ.
ಮಾಷ್ಟ್ರು ಬಂದು ಒಂದೊಂದೇ ಬೆರಳು ಬಿಡಿಸುತ್ತಾರೆ,
ಹೆಬ್ಬೆರಳೊಂದನ್ನು ಹೊರಗೆಳೆದು
"ಲಾರಿಗೆ ಲಿಫ್ಟ್ ಕೇಳೋ ಥರ.
ಮಣಿಕಟ್ಟು ತಿರುಗಲಿ, ಬೀಗದಾಗೆ ಕೀಲಿ ತಿರುಗ್ತದಲ್ಲ.
ತೋಳು ಬೇಡ. ತೋಳು ಮನೇಲೇ ಬಿಟ್ಟು ಬಾ."

ದಪ್ಪ ತಂತಿಗೆ ಹೆಬ್ಬೆರಳ ಗೆಣ್ಣು, ಧಂ.
ಸಣ್ಣ ತಂತಿಯಡಿಗೆ ತೋರುಬೆರಳ ಕೊಕ್ಕೆ,
ಎಳೆದು ಬಿಟ್ಟರೆ ಮರಕ್ಕೆ ಬಡಿದು, ಟಪಾ.
ಧಂ ಟಪಾ, ಧಂಧಂ ಟಪಾ.
ಅದು ಅವರದು.
ನನ್ನದು
ಧೊ... ಜ್ರ್ರ್... ಟಿಕ್, ಅಯ್ಯೊ.

ಕೆಳಗಿನ ಮನೆಯ ಅನಸೂಯಮ್ಮನಿಗೆ ಬಿಪಿ.
ಹಾಗಾಗಿ ರಾತ್ರಿ ಆಂಪ್ ಇಲ್ಲ, ಕರೆಂಟಿಲ್ಲದ ಅಭ್ಯಾಸ,
ಕುಕ್ಕರಿನ ಮುಚ್ಚಳಕ್ಕೆ ಉಗುರು ತಾಗಿದಷ್ಟೇ ಸದ್ದು.
ಹನ್ನೆರಡನೇ ದಿನ ಹೆಬ್ಬೆರಳ ಪಕ್ಕ ನೀರು ತುಂಬಿ ಎದ್ದಿತು
ಬೊಬ್ಬೆ.
ಬಾಯಿಯದಕ್ಕೂ ಚರ್ಮದ್ದಕ್ಕೂ ಒಂದೇ ಹೆಸರಿಟ್ಟವರು
ಯಾರೋ, ನನ್ನ ಕೆಲಸ ಸುಲಭ ಮಾಡಿದರು:
ಹೊಡೆದೆ ಬೊಬ್ಬೆ, ಯಾರಿಗೂ ಕೇಳಿಸದ ಹಾಗೆ.

ಮೂರನೇ ತಿಂಗಳು ದೆವ್ವದ ಪಾಠ.
ಎಡಗೈಯನ್ನು ತಂತಿಗಳ ಮೇಲೆ ಸುಮ್ಮನೆ ಹಾಸಿ
ಬಲಗೈ ಹೊಡೆಯಬೇಕು. ಸ್ವರ ಇಲ್ಲ,
ದಪ್ ಅಂತ ಒಂದು ಮಾತ್ರ.
"ಇದು ದೆವ್ವ," ಅಂದರು ಮಾಷ್ಟ್ರು, "ಇರ್ತದೆ, ಕಾಣಲ್ಲ."
ಈ ದಪ್ ನನಗೆ ಗೊತ್ತು.
ನೀರು ತುಂಬಿದ ಪಕ್ಕೆಲುಬಿನ ಮೇಲೆ
ಬೆರಳಿಟ್ಟು ಬೆರಳಿಂದ ತಟ್ಟಿದರೆ ಇದೇ ಬರುತ್ತದೆ.
ಒಳಗೆ ಗಾಳಿಯಾಡುತ್ತಿಲ್ಲ ಅಂತ ಅರ್ಥ.
ಆಗ ನಾವು ಮುಖ ಬದಲಿಸದೆ ಡಾಕ್ಟರನ್ನು ಕರೆಯುತ್ತೇವೆ.
ಇಲ್ಲಿ ಅದು ಸಾಲುತ್ತಿಲ್ಲವಂತೆ,
ಇನ್ನೆರಡು ಹಾಕು ಅನ್ನುತ್ತಾರೆ.
ನಾನು ಏನೂ ಹೇಳಲಿಲ್ಲ. ಹಾಕಿದೆ.

ಬುಧವಾರ, ಹದಿನಾಲ್ಕನೇ ಬೆಡ್ಡು, ಮುನಿಯಲ್ಲಪ್ಪ.
ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊತ್ತ ಬೆನ್ನು
ಈಗ ಅಂಗಿಯೊಳಗೆ ಅಲ್ಲಾಡುತ್ತದೆ.
ಬೊಗಸೆ ಇಳಿಯುತ್ತಿತ್ತು, ಎಂದಿನಂತೆ ಅಂದುಕೊಂಡಿದ್ದೆ.
"ಮೇಡಂ," ಅಂದ ದಿಂಬಿನೊಳಗಿಂದ,
"ಇವತ್ತು ಬೇರೆ ಥರ ಬಡೀತಿದ್ದೀರಲ್ಲ,
ಯಾರದ್ದೋ ಮೆರವಣಿಗೆ ತಿರುವಿಗೆ ಬಂದಂಗೆ."
ಕೈ ನಿಂತಿತು.
"ಅಯ್ಯೊ, ನಿಲ್ಲಿಸ್ಬೇಡಿ."
ಕೆಮ್ಮಿದ, ಬಗ್ಗಿ ಕೆಮ್ಮಿದ, ಬಂತು.
ಚಾರ್ಟಿನಲ್ಲಿ ಬರೆದೆ: ಎರಡು ಚಮಚ, ಹಳದಿ.

ಮೊನ್ನೆ ಶನಿವಾರ ಪಾಠದ ನಡುವೆ ಗೂಡ್ಸ್ ಬಂತು.
ಕಿಟಕಿಯ ಗಾಜು, ಚಹಾದ ಲೋಟ, ಯೇಸುವಿನ ಪಟ, ಎಲ್ಲ ಗಡಗಡ.
ಮಾಷ್ಟ್ರು ಕೈ ಎತ್ತಿದರು, ನಿಲ್ಲಿಸಿದೆವು.
ಅವರ ಕಾಲು ಮಾತ್ರ ನೆಲ ತಟ್ಟುತ್ತಲೇ ಇತ್ತು,
ಕೇಳುವ ಕಿವಿ ಯಾವುದಕ್ಕೆ ಕೊಟ್ಟಿದ್ದರೋ.
ಕೊನೆಯ ಡಬ್ಬಿ ದಾಟಿದ್ದೇ ತಡ
ಎತ್ತಿದ ಕೈ ಇಳಿಯಿತು, ಧಂ,
ಬಿಟ್ಟ ಜಾಗಕ್ಕಲ್ಲ,
ನಿಲ್ಲಿಸದಿದ್ದರೆ ಎಲ್ಲಿರುತ್ತಿದ್ದೆವೋ ಅಲ್ಲಿಗೆ ಸರಿಯಾಗಿ.
ನನ್ನತ್ತ ನೋಡಿದರು.
ನಾನಿನ್ನೂ ಡಬ್ಬಿ ಎಣಿಸುತ್ತಿದ್ದೆ.